ಎಡಗಡೆ ಸೀಟಿನಲ್ಲಿ ಅಜ್ಜ

"ಕ್ಲಚ್ ಒಮ್ಮಿಗೇ ಬಿಡಬ್ಯಾಡ... ಸಾವಕಾಶ... ಏ ಯವ್ವಾ, ಸಾವಕಾಶ ಅಂದ್ರ!"

ಅಷ್ಟರಲ್ಲಿ ನಮ್ಮ ಹಳೇ ಆಲ್ಟೊ ಎರಡು ಸಲ ಕಪ್ಪೆ ಹಾಗೆ ಜಿಗಿದು ಬಂದ್ ಬಿತ್ತು. ಚಿಕ್ಕೋಡಿ ಹತ್ತಿರದ ನಮ್ಮೂರಿನ ಶಾಲೆ ಮೈದಾನ, ರವಿವಾರ ಮುಂಜಾನೆ. ಸ್ಟೇರಿಂಗ್ ಹಿಂದೆ 18 ತುಂಬಿ ಎರಡು ತಿಂಗಳಾದ ಕಾಕಾನ ಮಗಳು. ಪಕ್ಕದಲ್ಲಿ 73ರ ಅಜ್ಜ. ಹಿಂದಿನ ಸೀಟಿನಲ್ಲಿ ಪುಣೆಯಿಂದ ರಜೆಗೆ ಬಂದ ನಾನು, ಜೊತೆಗೆ ಅಜ್ಜ ಕಳಚಿಟ್ಟ ಅಥಣಿ ಚಪ್ಪಲಿ. (ಊರ ಹೊರಗೆ ಅದಕ್ಕೆ ಕೊಲ್ಹಾಪುರಿ ಅಂತಾರೆ. 2019ರಲ್ಲಿ ಜಿಐ ಟ್ಯಾಗ್ ಎರಡೂ ರಾಜ್ಯಕ್ಕೆ ಸೇರಿಸಿ ಸಿಕ್ಕಿತು, ನಮ್ಮ ಜಗಳ ಮಾತ್ರ ಮುಗಿದಿಲ್ಲ.)

ಬರಿಗಾಲಲ್ಲೇ ಕ್ಲಚ್ ಕಲಿಯಬೇಕು ಅನ್ನೋದು ಅಜ್ಜನ ಮೊದಲ ಪಾಠ. ಹರೆಯದಲ್ಲಿ ನಿಪ್ಪಾಣಿಯಿಂದ ತಂಬಾಕಿನ ಲಾರಿ ಹೊಡೆದವನು. ಆ್ಯಕ್ಸಿಲರೇಟರ್ ಮುಟ್ಟೋ ಹಾಗಿಲ್ಲ. ಫಸ್ಟ್ ಗೇರ್ ಹಾಕಿ ಕ್ಲಚ್ಚನ್ನ ಕೂದಲೆಳೆಯಷ್ಟು ಬಿಡ್ತಾ ಬರಬೇಕು. ಎಲ್ಲೋ ಒಂದು ಕಡೆ ಎಂಜಿನ್ನಿನ ಸದ್ದು ಸ್ವಲ್ಪ ಕೆಳಗಿಳಿಯುತ್ತೆ, ಬಾನೆಟ್ ನಡುಗುತ್ತೆ, ಗಾಡಿ ತಾನೇ ತೆವಳಲು ಶುರುಮಾಡುತ್ತೆ. ಅಲ್ಲೇ ಕಾಲು ಹಿಡಿದು ನಿಲ್ಲಿಸಬೇಕು. ಮತ್ತೆ ಒತ್ತು, ಮತ್ತೆ ಬಿಡು. ಮೊದಲ ಎರಡು ದಿನ ಇಷ್ಟೇ.

"ಅಜ್ಜಾ, ಯೂಟ್ಯೂಬ್‌ನ್ಯಾಗ ಹತ್ತ ಮಿನಿಟಿನ್ಯಾಗ ಹೇಳಿಕೊಡ್ತಾರ" ಅಂದಳು.

"ಕ್ಲಚ್ ಸುಟ್ಟ ವಾಸನಿ ಬರ್ತೈತೇನ ಅದರಾಗ?"

ಇವಳು 16ನೇ ವಯಸ್ಸಿನಲ್ಲೇ ಕೀಲಿ ಕೇಳಿದ್ದಳು. ಊರಲ್ಲಿ ಅವಳ ವಾರಿಗೆಯ ಹುಡುಗರೆಲ್ಲ ಬುಲೆಟ್ ಹೊಡೆಯೋರೇ. ಆದರೆ ಅಜ್ಜ, 18 ಆಗೋ ತನಕ ಬಾಗಿಲು ಮುಟ್ಟಬ್ಯಾಡ ಅಂತ ಸ್ಪಷ್ಟವಾಗಿ ಹೇಳಿಬಿಟ್ಟಿದ್ದ. ಮನೆಯವರಿಗೆಲ್ಲ ಆಶ್ಚರ್ಯ. ಯಾಕಂದ್ರೆ ನನಗೆ 14ನೇ ವಯಸ್ಸಿಗೇ ಟ್ರ್ಯಾಕ್ಟರ್ ಕಲಿಸಿದವನು ಇದೇ ಅಜ್ಜ.

ಆ ಕಥೆ ಹೇಳಲೇಬೇಕು. ಒಂದು ಸಂಜೆ ಹೊಲದಿಂದ ಮನೆಗೆ ನಾನೇ ಟ್ರ್ಯಾಕ್ಟರ್ ತರ್ತಿದ್ದೆ. ಮಡ್‌ಗಾರ್ಡ್ ಮೇಲೆ ಅತ್ತೆಯ ಮಗ, 11 ವರ್ಷ. ಒಡ್ಡು ಹತ್ತಿಸುವಾಗ ಕ್ಲಚ್ ಒಮ್ಮೆಲೇ ಬಿಟ್ಟೆ, ಅವನು ಹಾರಿ ಬಿದ್ದ. ಬಲಗೈ ಮುರಿಯಿತು. ಡಾಕ್ಟರ್ ಹತ್ತಿರ ಅಜ್ಜ, "ಮಾವಿನ ಗಿಡದಿಂದ ಬಿದ್ದಾನ್ರಿ" ಅಂದ. ನಾನು ಪಕ್ಕದಲ್ಲೇ ತಲೆ ತಗ್ಗಿಸಿ ನಿಂತಿದ್ದೆ. ಅವನ ಆ ಕೈ ಇವತ್ತಿಗೂ ಭುಜದ ಮೇಲೆ ಪೂರ್ತಿ ಏಳುವುದಿಲ್ಲ. ಮನೆಯಲ್ಲಿ ಆ ಮಾತು ಮತ್ತೆ ಯಾರೂ ಎತ್ತಲಿಲ್ಲ.

2024ರ ಮೇ 19ರಂದು ಪುಣೆಯ ಕಲ್ಯಾಣಿನಗರದಲ್ಲಿ 17ರ ಹುಡುಗ ಓಡಿಸುತ್ತಿದ್ದ ಪೋರ್ಷೆ ಕಾರು ಬೈಕಿಗೆ ಗುದ್ದಿ ಇಬ್ಬರು ಯುವ ಎಂಜಿನಿಯರುಗಳು ತೀರಿಕೊಂಡರಲ್ಲ, ಆಗ ನಮ್ಮ ಆಫೀಸಿನಲ್ಲಿ ವಾರಗಟ್ಟಲೆ ಅದೇ ಮಾತು. ಹುಡುಗನಿಗೆ ಮೊದಲು ಸಿಕ್ಕ ಶರತ್ತು 300 ಪದಗಳ ಪ್ರಬಂಧ. ಡ್ರೈವರ್ ಮೇಲೆ ತಪ್ಪು ಹೊರಿಸಲು ಒತ್ತಡ ಹಾಕಿದ ಆರೋಪದಲ್ಲಿ ಆಮೇಲೆ ಹುಡುಗನ ಅಜ್ಜನ ಬಂಧನವೂ ಆಯಿತು. ಆ ಸುದ್ದಿ ಟಿವಿಯಲ್ಲಿ ಬಂದ ರಾತ್ರಿ ನಮ್ಮ ಅಜ್ಜ ಫೋನ್ ಮಾಡಿದ. ಊಟ ಆಯ್ತಾ ಅಂತ ಕೇಳಿದ. ಸ್ವಲ್ಪ ಹೊತ್ತು ಸುಮ್ಮನಿದ್ದು, "ತಮ್ಮಾ, ಆ ಮಾವಿನ ಗಿಡದ ಮಾತು ನೆನಪೈತೇನ?" ಅಂದ. ಹೂಂ ಅಂದೆ. ಫೋನ್ ಇಟ್ಟ.

ಕಾನೂನು ಏನು ಹೇಳುತ್ತೆ ಅಂತ ಒಂದು ಸಲ ನೋಡಿಬಿಡಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 199ಎ ಕಲಂ ಪ್ರಕಾರ ಅಪ್ರಾಪ್ತರು ಗಾಡಿ ಓಡಿಸಿ ಅಪರಾಧವಾದರೆ ಪೋಷಕರು ಅಥವಾ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಹುಡುಗ ಅಥವಾ ಹುಡುಗಿಗೆ 25 ವರ್ಷ ತುಂಬುವ ತನಕ ಲೈಸೆನ್ಸ್ ಇಲ್ಲ.

ಹೀಗಾಗಿ ಇವಳದ್ದು ಎಲ್ಲ ಕ್ರಮಪ್ರಕಾರ. ಎಲ್‌ಎಲ್ ಕೈಗೆ ಬಂದ ದಿನ ಅಜ್ಜನೇ ಬಿಳಿ ರಟ್ಟಿನ ಮೇಲೆ ಕೆಂಪು ಬಣ್ಣದಲ್ಲಿ 'ಎಲ್' ಬರೆದು ಹಿಂದೆ ಮುಂದೆ ಅಂಟಿಸಿದ. ಎಲ್‌ಎಲ್ 6 ತಿಂಗಳು ನಡೆಯುತ್ತೆ, 30 ದಿನ ಕಳೆದ ಮೇಲೆ ಟೆಸ್ಟ್ ಕೊಡಬಹುದು. ಅಲ್ಲಿಯವರೆಗೆ ಪಕ್ಕದಲ್ಲಿ ಲೈಸೆನ್ಸ್ ಇರೋರು ಕೂತಿರಲೇಬೇಕು.

ಮೈದಾನ ಮುಗಿದು ರಸ್ತೆಗೆ ಬಂದೆವು. ನಮ್ಮ ಕಡೆ ರಸ್ತೆ ಅಂದರೆ ಕಬ್ಬಿನ ಸೀಜನ್ನಿನ ರಸ್ತೆ. ರಾಯಬಾಗ, ಕಾಗವಾಡ, ನಿಪ್ಪಾಣಿ ಎಲ್ಲಿ ಹೋದರೂ ಎರಡೆರಡು ಟ್ರೇಲರ್ ಜಗ್ಗೋ ಟ್ರ್ಯಾಕ್ಟರು. ಮೇಲೆ ಕಬ್ಬು, ಒಳಗೆ ಕಿವಿ ಹರಿಯೋ ಹಾಡು, ಹಿಂದೆ ಹಾರ್ನ್ ಹೊಡೆದರೆ ಕೇಳೋದೇ ಇಲ್ಲ. ಬಹಳಷ್ಟಕ್ಕೆ ಹಿಂದಿನ ಲೈಟಾಗಲಿ ರಿಫ್ಲೆಕ್ಟರ್ ಆಗಲಿ ಇರೋದಿಲ್ಲ. ಬೆಂಗಳೂರು, ಪುಣೆಯಲ್ಲಿ ಕಲಿತವರಿಗೆ ಇದು ಗೊತ್ತಾಗೋದು ಕಷ್ಟ: ಇಲ್ಲಿ ಹೆದರಬೇಕಾದ್ದು ವೇಗದ ಗಾಡಿಗಲ್ಲ, ನಿಂತ ಗಾಡಿಗೆ.

ಐದನೇ ದಿನ ಸಂಜೆ, ಹೊತ್ತು ಮುಳುಗಿ ಇನ್ನೂ ಕತ್ತಲಾಗಿರಲಿಲ್ಲ. ಅಜ್ಜ ಏನೋ ಹಳೇ ಲಾರಿ ಕಥೆ ಹೇಳ್ತಿದ್ದ. ಇವಳು ಇದ್ದಕ್ಕಿದ್ದಂತೆ ಬ್ರೇಕ್ ಒತ್ತಿದಳು. ಮುಂದೆ ಟಯರ್ ಪಂಕ್ಚರ್ ಆಗಿ ರಸ್ತೆಯಲ್ಲೇ ನಿಂತ ಕಬ್ಬಿನ ಟ್ರೇಲರ್, ಒಂದೇ ಒಂದು ಲೈಟಿಲ್ಲ. ಐದಾರು ಅಡಿ ಉಳಿದಿತ್ತು.

"ಶಾಭಾಸ್" ಅಂದ ಅಜ್ಜ. ಆದರೆ ಅವನು ನೋಡಿರಲಿಲ್ಲ. ಕಾರು ನಿಂತ ಮೇಲೂ ಕಣ್ಣು ಕಿರಿದು ಮಾಡಿ ಹುಡುಕುತ್ತಿದ್ದ. ಮನೆ ತನಕ ಯಾರೂ ಮಾತಾಡಲಿಲ್ಲ.

ರಾತ್ರಿ ಅಜ್ಜನ ಲೈಸೆನ್ಸ್ ಕಾರ್ಡ್ ತೆಗೆದು ನೋಡಿದೆ. ಅವಧಿ ಮುಗಿದು 8 ತಿಂಗಳಾಗಿತ್ತು. ಅಂದರೆ ಐದು ದಿನವೂ ನಮ್ಮ ಪಾಠ ಕಾನೂನಿನ ಹೊರಗೇ ನಡೆದಿತ್ತು. ಅಪಘಾತ ಆಗಿದ್ದರೆ ವಿಮೆಯವರ ಮುಂದೆ ನಿಂತು ಏನು ಹೇಳುತ್ತಿದ್ದೆವೋ. ದಿನಾ ಬೇರೆಯವರ ಕೋಡ್ ರಿವ್ಯೂ ಮಾಡೋ ನಾನು ಇದೊಂದನ್ನ ಮೊದಲೇ ನೋಡಿರಲಿಲ್ಲ. ನಿಮ್ಮ ಮನೆಯ ಹಿರಿಯರ ಕಾರ್ಡನ್ನೂ ಇವತ್ತೇ ತೆಗೆದು ನೋಡಿ. 55 ದಾಟಿದವರಿಗೆ ನವೀಕರಣ ಸಿಗೋದು 5 ವರ್ಷಕ್ಕೆ ಮಾತ್ರ, ಫಾರ್ಮ್ 1ಎಯಲ್ಲಿ ವೈದ್ಯರ ಪ್ರಮಾಣಪತ್ರ ಬೇಕು. ಮುಗಿದು ಒಂದು ವರ್ಷ ದಾಟಿತೋ, ಮತ್ತೆ ಟೆಸ್ಟ್ ಕೊಡಬೇಕು.

ಮುಂಜಾನೆ ಚಹಾ ಕುಡಿಯುವಾಗ ಹೇಳಿದೆ. ಬೈತಾನೆ ಅಂದುಕೊಂಡಿದ್ದೆ.

"ಗೊತ್ತೈತಿ" ಅಂದ. "ಕಣ್ಣ ತೋರಸಾಕ ಹೋದ್ರ ಗಾಡಿ ಬಿಡಿಸ್ತಾರ ಅಂತ ಹೋಗಿರಲಿಲ್ಲ." ಬಸಿಯಲ್ಲಿದ್ದ ಚಹಾ ಮುಗಿಸಿ, ಜೇಬಿನಿಂದ ಕೀಲಿ ತೆಗೆದು ನನ್ನ ಮುಂದೆ ಇಟ್ಟ. "ಇನ್ನ ನೀ ಕೂಡು ಪಕ್ಕದಾಗ. ಈ ಸಲ ಸುಳ್ಳ ಹೇಳುದು ಬ್ಯಾಡ."

ಎರಡೂ ಕಣ್ಣಿಗೆ ಪೊರೆ ಬಂದಿದೆ ಅಂತ ಡಾಕ್ಟರ್ ಹೇಳಿದರು. ಮೊದಲು ಬಲಗಣ್ಣು ಮಾಡೋದು, ಆಮೇಲೆ ಲೈಸೆನ್ಸ್ ನೋಡೋಣ ಅಂತಾಯಿತು. ನಾನು ರಜೆ ಒಂದು ವಾರ ಮುಂದುವರಿಸಿದೆ.

ಆಪರೇಷನ್ನಿಗೆ ನಿಪ್ಪಾಣಿಗೆ ಹೋಗುವ ದಿನ ಇವಳೇ ಓಡಿಸಿದಳು. ಎಡಗಡೆ ಸೀಟಿನಲ್ಲಿ ನಾನು, ಹಿಂದೆ ಅಜ್ಜ, ಅಜ್ಜಿ. ಊರು ದಾಟಿದ್ದೇ ತಡ, ನನ್ನ ಬೆನ್ನಿಗೆ ದಬ್ ದಬ್ ಅಂತ ಗುದ್ದು ಬೀಳತೊಡಗಿತು. ತಿರುವು ಬಂದರೆ ಒಂದು, ಟ್ರ್ಯಾಕ್ಟರ್ ಬಂದರೆ ಎರಡು. ತಿರುಗಿ ನೋಡಿದರೆ ಅಜ್ಜ ಬಲಗಾಲಿನಿಂದ ನನ್ನ ಸೀಟನ್ನ ಒತ್ತುತ್ತಿದ್ದಾನೆ.

"ಅಜ್ಜಾ, ಅಲ್ಲಿ ಬ್ರೇಕ್ ಇಲ್ಲ" ಅಂದಳು ಇವಳು, ಕನ್ನಡಿಯಲ್ಲಿ ನೋಡಿ.

"ನೀ ಮುಂದ ನೋಡು" ಅಂದ ಅಜ್ಜ.