ಚದುರಂಗದ ಯಂತ್ರ ಮತ್ತು ಗ್ರ್ಯಾಂಡ್‌ಮಾಸ್ಟರ್ ಬಲ

ಚದುರಂಗದಲ್ಲಿ ಗ್ರ್ಯಾಂಡ್‌ಮಾಸ್ಟರ್ ಎಂಬುದು ಅಂತಾರಾಷ್ಟ್ರೀಯ ಸಂಸ್ಥೆ ಫಿಡೆ ಆಟಗಾರರಿಗೆ ಕೊಡುವ ಅತ್ಯುನ್ನತ ಬಿರುದು. ಅದಕ್ಕೆ ಸಾಮಾನ್ಯವಾಗಿ ಮೂರು ನಾರ್ಮ್‌ಗಳು, ಅಂದರೆ ಪಂದ್ಯಾವಳಿಗಳಲ್ಲಿ ನಿಗದಿತ ಮಟ್ಟದ ಸಾಧನೆಗಳು, ಬೇಕು. ಆಟಗಾರರ ಬಲವನ್ನು ಅಳೆಯುವ ರೇಟಿಂಗ್ ಒಮ್ಮೆಯಾದರೂ 2500 ಮುಟ್ಟಿರಬೇಕು. ಇದು ಸುಲಭಕ್ಕೆ ಒಲಿಯುವಂಥದ್ದಲ್ಲ. ಚದುರಂಗದ ಕುದುರೆಯನ್ನು ಪ್ರತಿ ಮನೆಗೂ ಒಮ್ಮೆ ಮಾತ್ರ ಹಾಯಿಸುವ ಬಂಧಗಳನ್ನು ರಚಿಸಿದ ಮೈಸೂರಿನ ಅರಸ ಮುಮ್ಮಡಿ ಕೃಷ್ಣರಾಜ ಒಡೆಯರು 1794ರಲ್ಲಿ ಹುಟ್ಟಿದ್ದು ಶ್ರೀರಂಗಪಟ್ಟಣದಲ್ಲಿ. ಆಟದ ಒಲವು ಇಷ್ಟು ಹಳೆಯದಾದ ಮೈಸೂರು ಸೀಮೆಗೂ, ಇಡೀ ಕರ್ನಾಟಕಕ್ಕೂ ಮೊದಲ ಗ್ರ್ಯಾಂಡ್‌ಮಾಸ್ಟರ್ ಸಿಕ್ಕಿದ್ದು 2017ರಲ್ಲಿ: ಮೈಸೂರಿನ ಎಂ. ಎಸ್. ತೇಜ್‌ಕುಮಾರ್, ಭಾರತದ 50ನೆಯವರು.

ಬಿರುದು ಮನುಷ್ಯರಿಗೆ ಮೀಸಲು. ಆದರೆ ಆ ಬಲವನ್ನು ಯಂತ್ರ ಎಂದೋ ದಾಟಿದೆ. 1988ರಲ್ಲಿ ‘ಡೀಪ್ ಥಾಟ್’ ಎಂಬ ಕಂಪ್ಯೂಟರ್ ಡೆನ್ಮಾರ್ಕಿನ ಗ್ರ್ಯಾಂಡ್‌ಮಾಸ್ಟರ್ ಬೆಂಟ್ ಲಾರ್ಸನ್ ಅವರನ್ನು ಪಂದ್ಯಾವಳಿಯಲ್ಲೇ ಸೋಲಿಸಿತು. ಐಬಿಎಂನ ‘ಡೀಪ್ ಬ್ಲೂ’ 1996ರಲ್ಲಿ ವಿಶ್ವ ಚಾಂಪಿಯನ್ ಗ್ಯಾರಿ ಕ್ಯಾಸ್ಪರೋವ್ ಎದುರು 2–4ರಿಂದ ಸೋತು, ಮರುವರ್ಷ ನ್ಯೂಯಾರ್ಕಿನಲ್ಲಿ 3.5–2.5ರಿಂದ ಗೆದ್ದಿತು. 2006ರಲ್ಲಿ ‘ಡೀಪ್ ಫ್ರಿಟ್ಜ್’ ಆಗಿನ ಚಾಂಪಿಯನ್ ವ್ಲಾದಿಮಿರ್ ಕ್ರಾಮ್ನಿಕ್ ಅವರನ್ನು 4–2ರಿಂದ ಮಣಿಸಿತು.

ಇದು ಬರೀ ವೇಗದ ಫಲವಲ್ಲ. ಆಟ ಶುರುವಾಗುವಾಗ ಬಿಳಿಯ ಮುಂದೆ 20 ನಡೆಗಳಿರುತ್ತವೆ. ಇಬ್ಬರೂ ಎರಡೆರಡು ನಡೆ ಇಡುವಷ್ಟರಲ್ಲಿ ಸಾಧ್ಯತೆಗಳು 1,97,281ಕ್ಕೆ ಏರುತ್ತವೆ. ಕೊನೆಯವರೆಗೆ ಎಲ್ಲವನ್ನೂ ನೋಡಿ ಮುಗಿಸುವುದು ಯಾವ ಯಂತ್ರಕ್ಕೂ ಆಗದ ಮಾತು. ಆದ್ದರಿಂದ ಪ್ರೋಗ್ರಾಂ ಎರಡು ಕೆಲಸ ಮಾಡುತ್ತದೆ: ಪ್ರಯೋಜನವಿಲ್ಲದ ಕವಲುಗಳನ್ನು ಬೇಗನೆ ಕೈಬಿಡುತ್ತದೆ; ಉಳಿದ ಕವಲುಗಳ ತುದಿಯಲ್ಲಿ ಯಾರ ಕೈ ಮೇಲಿದೆ ಎಂಬುದಕ್ಕೆ ಅಂಕ ಕೊಡುತ್ತದೆ. ಕಾಯಿಗಳ ಬೆಲೆ, ರಾಜನ ರಕ್ಷಣೆ, ಕಾಲಾಳುಗಳ ಜೋಡಣೆ ಎಲ್ಲವೂ ಆ ಅಂಕದಲ್ಲಿ ಸೇರುತ್ತವೆ.

ಡೀಪ್ ಬ್ಲೂ ಸೆಕೆಂಡಿಗೆ ಸುಮಾರು 20 ಕೋಟಿ ಸ್ಥಿತಿಗಳನ್ನು ತೂಗುತ್ತಿತ್ತು. 2009ರಲ್ಲಿ ಮೊಬೈಲ್ ಫೋನಿನಲ್ಲಿ ಓಡಿದ ‘ಪಾಕೆಟ್ ಫ್ರಿಟ್ಜ್ 4’ 20 ಸಾವಿರದಷ್ಟನ್ನೂ ತೂಗುತ್ತಿರಲಿಲ್ಲ. ಆದರೂ ಬ್ಯೂನಸ್ ಐರಿಸ್‌ನ ಪಂದ್ಯಾವಳಿಯಲ್ಲಿ 10ಕ್ಕೆ 9.5 ಅಂಕ ಗಳಿಸಿತು. ಲೆಕ್ಕ ಕಡಿಮೆಯಾದರೂ ಆಯ್ಕೆ ಚುರುಕಾಗಿತ್ತು. 2017ರ ಡಿಸೆಂಬರಿನಲ್ಲಿ ಬೆಳಕಿಗೆ ಬಂದ ‘ಆಲ್ಫಾಜೀರೋ’ ಪ್ರೋಗ್ರಾಂಗೆ ಆಟದ ನಿಯಮಗಳನ್ನಷ್ಟೇ ಕೊಡಲಾಗಿತ್ತು. ತನ್ನೊಂದಿಗೆ ತಾನೇ ಆಡಿ ನರಜಾಲದ (ಉದಾಹರಣೆಗಳಿಂದ ಕಲಿಯುವ ಪ್ರೋಗ್ರಾಂ ರಚನೆಯ) ಮೂಲಕ ಕಲಿತ ಅದು, ‘ಸ್ಟಾಕ್‌ಫಿಶ್’ ಎಂಬ ಪ್ರಬಲ ಚದುರಂಗ ಪ್ರೋಗ್ರಾಂ ವಿರುದ್ಧದ 100 ಆಟಗಳಲ್ಲಿ 28 ಗೆದ್ದು 72 ಡ್ರಾ ಮಾಡಿಕೊಂಡಿತು. 2020ರಲ್ಲಿ ಸ್ಟಾಕ್‌ಫಿಶ್ ಕೂಡ ನರಜಾಲವನ್ನು ಅಳವಡಿಸಿಕೊಂಡಿತು.

ಮಾನವರ ಅತಿ ಹೆಚ್ಚಿನ ರೇಟಿಂಗ್ ಮ್ಯಾಗ್ನಸ್ ಕಾರ್ಲ್‌ಸನ್ 2014ರಲ್ಲಿ ಮುಟ್ಟಿದ 2882. ಪ್ರೋಗ್ರಾಂಗಳ ಪ್ರತ್ಯೇಕ ಪಟ್ಟಿಗಳಲ್ಲಿ ಮುಂಚೂಣಿಯವು 3500ಕ್ಕೂ ಮೇಲಿವೆ. ಅವು ತಮ್ಮತಮ್ಮಲ್ಲೇ ಆಡಿ ಪಡೆದ ಅಂಕಗಳಾದ್ದರಿಂದ ಎರಡನ್ನೂ ನೇರವಾಗಿ ಹೋಲಿಸಲಾಗದು. ಆದರೆ ಯಾರು ಬಲಶಾಲಿ ಎಂಬುದರಲ್ಲಿ ಸಂಶಯವಿಲ್ಲ. ಸ್ಪರ್ಧಾ ಕೊಠಡಿಗೆ ಫೋನ್ ತರುವುದನ್ನು ನಿಷೇಧಿಸಿರುವುದೂ ಇದೇ ಕಾರಣಕ್ಕೆ.

ಸ್ಟಾಕ್‌ಫಿಶ್ ಎಲ್ಲರಿಗೂ ಉಚಿತ. ಪಾಂಡವಪುರದ ಅಥವಾ ನಾಗಮಂಗಲದ ವಿದ್ಯಾರ್ಥಿಯೂ ಆಡಿ ಮುಗಿಸಿದ ಆಟವನ್ನು ಅದರಿಂದ ತಿದ್ದಿಸಿಕೊಳ್ಳಬಹುದು. ಆದರೆ ಅದು ಹೇಳುವುದು ಒಳ್ಳೆಯ ನಡೆಯನ್ನೂ ಅದರ ಅಂಕವನ್ನೂ ಮಾತ್ರ. ಆ ನಡೆ ಏಕೆ ಒಳ್ಳೆಯದು ಎಂಬುದನ್ನು ಕಲಿಯುವವರು ತಾವೇ ಯೋಚಿಸಿ, ಬಲ್ಲವರನ್ನು ಕೇಳಿ ಅರಿಯಬೇಕು. ಮೊದಲು ಸ್ವಂತ ಬುದ್ಧಿಯಿಂದ ವಿಶ್ಲೇಷಿಸಿ, ಆಮೇಲೆ ಯಂತ್ರದ ಉತ್ತರ ನೋಡುವುದೇ ಕಲಿಕೆಗೆ ಸರಿಯಾದ ಕ್ರಮ.