ಮನೆ ಕಟ್ಟುವ ವಿದ್ಯೆಯೂ ಮಣ್ಣಿನ ಇಟ್ಟಿಗೆಯೂ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆಯನ್ನು ಕೇಳದವರಿಲ್ಲ. ಆದರೆ ಮನೆಯ ನಕ್ಷೆ ಬರೆಯುವವರೂ ಒಮ್ಮೆಯಾದರೂ ಕೈಯಾರೆ ಕಟ್ಟಿ ನೋಡಬೇಕೆ ಎಂಬ ಪ್ರಶ್ನೆ ನನಗೆ ಎದುರಾದುದು ಕಳೆದ ಬೇಸಿಗೆಯ ರಜೆಯಲ್ಲಿ. ನನ್ನ ತಂದೆ ಗಾರೆ ಕೆಲಸದವರು. ರಜೆಯಲ್ಲಿ ನಾನೂ ಅವರೊಡನೆ ಹೋಗುವುದುಂಟು. ಕಾಲೇಜಿನ ಶುಲ್ಕದಲ್ಲಿ ಒಂದು ಪಾಲು ಅಲ್ಲಿಂದಲೇ ಬರುತ್ತದೆ. ತುಮಕೂರಿನ ಕಡೆ ಮಣ್ಣಿನ ಇಟ್ಟಿಗೆಯ ಮನೆಯೊಂದು ಏಳುತ್ತಿತ್ತು. ವಾಸ್ತುಶಿಲ್ಪ ಓದುತ್ತಿದ್ದ ಎಂಟು ಮಂದಿ ವಿದ್ಯಾರ್ಥಿಗಳು ಹತ್ತು ದಿನ ಅಲ್ಲಿದ್ದು ಕೆಲಸ ಕಲಿಯಲು ಬಂದಿದ್ದರು.

ಈ ಇಟ್ಟಿಗೆ ಎಂಥದೆಂಬುದನ್ನು ಮೊದಲು ಹೇಳಬೇಕು. ಜರಡಿ ಹಿಡಿದ ಮಣ್ಣಿಗೆ ಬೇಕಾದಷ್ಟು ಮರಳನ್ನೂ, 100ಕ್ಕೆ 5ರಿಂದ 8 ಪಾಲು ಸಿಮೆಂಟನ್ನೂ ಬೆರೆಸಿ, ಸ್ವಲ್ಪವೇ ನೀರು ಚಿಮುಕಿಸಿ, ಕೈಯಂತ್ರದ ಅಚ್ಚಿನಲ್ಲಿ ತುಂಬಿ ಸನ್ನೆಯಿಂದ ಬಲವಾಗಿ ಒತ್ತಿದರೆ ಇಟ್ಟಿಗೆ ಹೊರಬರುತ್ತದೆ. ಇದನ್ನು ಸುಡುವುದಿಲ್ಲ, ಸೌದೆ ಬೇಡ, ಗೂಡು ಬೇಡ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗೆ ಉಪಯುಕ್ತವಾದ ತಂತ್ರಜ್ಞಾನಕ್ಕಾಗಿ 'ಅಸ್ತ್ರ' ಎಂಬ ಕೇಂದ್ರ ಆರಂಭವಾಯಿತು. ಈ ಇಟ್ಟಿಗೆಯ ಶಾಸ್ತ್ರ ನಮ್ಮಲ್ಲಿ ಬೆಳೆದುದು ಬಹುಮಟ್ಟಿಗೆ ಅಲ್ಲಿಯೇ. ಸುಟ್ಟ ಇಟ್ಟಿಗೆಗೆ ತಗಲುವ ಶಕ್ತಿಯ ಕಾಲುಭಾಗ ಇದಕ್ಕೆ ಸಾಕೆಂದು ಆ ಸಂಸ್ಥೆಯ ವಿದ್ವಾಂಸರು 2003ರಲ್ಲಿ ಪ್ರಕಟಿಸಿದ ಲೆಕ್ಕ ತೋರಿಸುತ್ತದೆ.

ಇಷ್ಟನ್ನು ಪುಸ್ತಕದಿಂದಲೇ ತಿಳಿಯಬಹುದು. ಕಷ್ಟವಿರುವುದು ಮುಂದೆ. ಮಣ್ಣು ಊರಿನಿಂದ ಊರಿಗೆ ಬೇರೆ, ಒಂದೇ ಹೊಲದಲ್ಲಿ ಮೊಳದಿಂದ ಮೊಳಕ್ಕೆ ಬೇರೆ. ಗಾಜಿನ ಸೀಸೆಯಲ್ಲಿ ಮಣ್ಣು ನೀರು ತುಂಬಿ ಚೆನ್ನಾಗಿ ಕುಲುಕಿ ಇಟ್ಟರೆ ಮರಳು ಮೊದಲು ತಳ ಸೇರುತ್ತದೆ. ಅದರ ಮೇಲೆ ನುಣುಪಾದ ಹೂಳು, ಕಡೆಗೆ ಜೇಡಿ. ಮೂರರಲ್ಲಿ ಎರಡು ಪಾಲು ಮರಳಿದ್ದು, ಜೇಡಿ 100ಕ್ಕೆ 10ರಿಂದ 15ರಷ್ಟಿದ್ದರೆ ಒಳ್ಳೆಯದು. ಎರೆಮಣ್ಣು ಹಾಗೆಯೇ ಬಳಸಿದರೆ ಆಗದು. ನೆನೆದಾಗ ಉಬ್ಬಿ, ಒಣಗಿದಾಗ ಬಿರಿಯುತ್ತದೆ. ಇನ್ನು ನೀರಿನ ಹದ. ಕಲಸಿದ ಮಣ್ಣನ್ನು ಉಂಡೆ ಮಾಡಿ ಎದೆಯೆತ್ತರದಿಂದ ಕೆಡವಬೇಕು. ಚಪ್ಪಟೆಯಾದರೆ ನೀರು ಹೆಚ್ಚು, ಪುಡಿಯಾದರೆ ಕಡಮೆ, ನಾಲ್ಕಾರು ಹೋಳಾದರೆ ಹದ ಸರಿ. ನಮ್ಮ ತಂದೆ ಉಂಡೆಯನ್ನು ಕೆಡವುತ್ತಲೂ ಇರಲಿಲ್ಲ. ಅಂಗೈಯಲ್ಲಿ ಹಿಸುಕಿ ನೋಡಿ 'ಇನ್ನೊಂದು ಚೊಂಬು' ಎನ್ನುತ್ತಿದ್ದರು.

ಆ ವಿದ್ಯಾರ್ಥಿಗಳು ಜಾಣರು. ಅವರ ನಕ್ಷೆಗಳನ್ನು ಕಂಡು ನಾನು ಬೆರಗಾದೆ. ಆದರೂ ಮೊದಲ ದಿನ ಒತ್ತಿದ ಇಟ್ಟಿಗೆಗಳನ್ನು ಬೇಗ ಒಣಗಲೆಂದು ಬಿಸಿಲಿನಲ್ಲಿ ಹರಡಿದರು. ನಾವು ಆ ದಿನ ತಳಪಾಯದ ಕಡೆ ಇದ್ದೆವು. ಐದನೆಯ ದಿನ ಎತ್ತಿದಾಗ ಅಂಚುಗಳು ಕೈಯಲ್ಲೇ ಉದುರಿದವು. ಅವರಲ್ಲೊಬ್ಬ ಹುಡುಗಿ, "ಮೇಸ್ತ್ರಿಗಳೇ, ಸಿಮೆಂಟ್ ಅಳತೆ ಸರಿಯಾಗಿಯೇ ಹಾಕಿದ್ದೆವಲ್ಲ?" ಎಂದು ಕೇಳಿದಳು.

"ಸಿಮೆಂಟ್ ಹಾಕಿದ್ರಿ ತಾಯಿ, ಅದಕ್ಕೆ ನೀರು ಕುಡಿಸಲಿಲ್ಲ" ಎಂದರು ನಮ್ಮ ತಂದೆ.

ಸಿಮೆಂಟು ಗಟ್ಟಿಯಾಗುವುದು ಒಣಗಿ ಅಲ್ಲ, ನೀರಿನೊಡನೆ ಕೂಡಿ. ಆದ್ದರಿಂದ ನೆರಳಿನಲ್ಲಿ ಪೇರಿಸಿ, ಹುಲ್ಲೋ ಗೋಣಿಯೋ ಹೊದಿಸಿ, ಸುಮಾರು ಮೂರು ವಾರ ತೇವವಾಗಿಡಬೇಕು. ಈ ಮಾತು ಅವರ ಟಿಪ್ಪಣಿ ಪುಸ್ತಕದಲ್ಲಿಯೂ ಇತ್ತಂತೆ! ನಗುವಂತಿಲ್ಲ, ನಮ್ಮ ಟಿಪ್ಪಣಿಗಳಲ್ಲಿರುವುದೆಲ್ಲ ನಮಗೆ ಗೊತ್ತಿದೆಯೆ?

ಕಟ್ಟುತ್ತಲೇ ಕಲಿಯುವ ಪದ್ಧತಿ ಹೊಸದಲ್ಲ. ತಿರುವನಂತಪುರದಲ್ಲಿ ನೆಲೆಸಿದ್ದ ಲಾರಿ ಬೇಕರ್ (1917–2007) ಕೆಲಸದ ಜಾಗದಲ್ಲಿಯೇ ನಿಂತು ಮೇಸ್ತ್ರಿಗಳೊಡನೆ ಮಾತಾಡುತ್ತ ಕಟ್ಟಡಗಳನ್ನು ತಿದ್ದುತ್ತಿದ್ದರು. ಇಟ್ಟಿಗೆಯನ್ನು ಪಕ್ಕಕ್ಕೆ ನಿಲ್ಲಿಸಿ ನಡುವೆ ಪೊಳ್ಳು ಬಿಟ್ಟು ಕಟ್ಟುವ ಕ್ರಮವನ್ನು ಜನಪ್ರಿಯಗೊಳಿಸಿದವರು ಅವರು. ಅದರಿಂದ ನಾಲ್ಕರಲ್ಲೊಂದು ಪಾಲು ಇಟ್ಟಿಗೆ ಉಳಿಯುತ್ತದೆ. ಅಮೆರಿಕದ ಅಲಬಾಮದಲ್ಲಿಯಂತೂ ಆಬರ್ನ್ ವಿಶ್ವವಿದ್ಯಾಲಯ 1993ರಲ್ಲಿ 'ರೂರಲ್ ಸ್ಟುಡಿಯೋ' ತೆರೆದು, ಬಡವರ ಮನೆಗಳನ್ನು ವಿದ್ಯಾರ್ಥಿಗಳೇ ಯೋಜಿಸಿ ಕಟ್ಟುವಂತೆ ಮಾಡಿತು. 1994ರಲ್ಲಿ ಅವರು ಮುಗಿಸಿದ ಒಂದು ಮನೆಯ ಗೋಡೆಗಳು ಒಣಹುಲ್ಲಿನ ಪಿಂಡಿಗಳಿಗೆ ಗಾರೆ ಮಾಡಿದಂಥವು. ನಮ್ಮಲ್ಲಿ ವಾಸ್ತುಶಿಲ್ಪದ ಪದವಿಗೆ ಐದು ವರ್ಷ. ಅದರಲ್ಲಿ ಒಂದು ಮಳೆಗಾಲವನ್ನಾದರೂ ತಾವು ಕಟ್ಟಿದ ಗೋಡೆಯ ಮುಂದೆ ನಿಂತು ಕಳೆಯುವಂತಿದ್ದರೆ, ಸೂರು ಎಷ್ಟು ಚಾಚಬೇಕೆಂಬುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ ಎಂದು ನನಗನಿಸುತ್ತದೆ.

ಇದನ್ನೆಲ್ಲ ಬರೆಯಲು ನನಗೆ ಸ್ವಲ್ಪ ಸಂಕೋಚವೂ ಇದೆ. ಮೂರು ವರ್ಷದ ಹಿಂದೆ ನಮ್ಮ ತಾತ ಕಟ್ಟಿದ ಮಣ್ಣಿನ ಮನೆಯನ್ನು ಕೆಡವಿಸಿದವನು ನಾನೇ. ಬಿ.ಎ. ಓದುವವನ ಮನೆ ಮಣ್ಣಿನದೆಂದು ಗೆಳೆಯರೆದುರು ಹೇಳಲು ನಾಚಿಕೆಯಾಗಿ ಹಟ ಹಿಡಿದಿದ್ದೆ. ಸಿಮೆಂಟ್ ಬ್ಲಾಕಿನ ಮನೆಯ ಸಾಲ ಇನ್ನೂ ತೀರಿಲ್ಲ; ಬೇಸಿಗೆಯಲ್ಲಿ ಒಳಗೆ ಮಲಗಲೂ ಆಗದು. ಹಳೆಯ ಗೋಡೆಯ ಮಣ್ಣನ್ನು, ಏಳು ಟ್ರ್ಯಾಕ್ಟರ್ ಲೋಡು, ಬಾಡಿಗೆ ಕೊಟ್ಟು ಕೆರೆಯ ಪಕ್ಕದ ಹಳ್ಳಕ್ಕೆ ಸುರಿಸಿದ್ದೆವು.

ಆ ಹತ್ತು ದಿನ ಮುಗಿದು ಊರಿಗೆ ಬಂದ ಮೇಲೆ ತಂದೆ ಹಳ್ಳದಿಂದ ಒಂದು ಹಿಡಿ ಮಣ್ಣು ತಂದು, ಉಪ್ಪಿನಕಾಯಿಯ ಖಾಲಿ ಸೀಸೆಯಲ್ಲಿ ನೀರಿನೊಡನೆ ಕುಲುಕಿ ಕಿಟಕಿಯಲ್ಲಿಟ್ಟರು. ಮರುದಿನ ಬೆಳಿಗ್ಗೆ ನಾನು ನೂಲು ಹಿಡಿದು ಅಳೆದೆ. ಮೂರರಲ್ಲಿ ಎರಡು ಪಾಲು ಮರಳೇ ಇತ್ತು.