ಹೊಟ್ಟು ಕಾಯ್ದ ಮಂಜುಗಡ್ಡೆ

ಕೃಷ್ಣಾ ತೀರದ ಉಗಾರ ಖುರ್ದದಂಥ ಬಿಸಿಲೂರಿನಲ್ಲಾಗಲಿ, ಕಾಫಿ ಅಡಿಕೆ ಬೆಳೆಯುವ ಮಲೆನಾಡಿನಲ್ಲಾಗಲಿ ಕೆರೆಯ ನೀರು ಹೆಪ್ಪುಗಟ್ಟುವುದಿಲ್ಲ. ಆದರೂ ಐಸ್ ಕಾರ್ಖಾನೆಗಳು ಬರುವ ಮೊದಲೇ ನಮ್ಮ ದೇಶದಲ್ಲಿ ಮಂಜುಗಡ್ಡೆ ಮಾರಾಟವಾಗುತ್ತಿತ್ತು.

ಅಮೆರಿಕದ ಬಾಸ್ಟನ್ ನಗರದ ವ್ಯಾಪಾರಿ ಫ್ರೆಡರಿಕ್ ಟ್ಯೂಡರ್ ಎಂಬಾತನು ಚಳಿಗಾಲದಲ್ಲಿ ಅಲ್ಲಿನ ಕೆರೆಗಳ ಮೇಲಿನ ಗಡ್ಡೆಯನ್ನು ಕೊಯ್ಯಿಸಿ, 1833ರಲ್ಲಿ ಹಡಗಿನ ಮೂಲಕ ಕಲಕತ್ತೆಗೆ ಕಳುಹಿಸಿದನು. ಹೊರಟದ್ದು ಸುಮಾರು 180 ಟನ್. ನಾಲ್ಕು ತಿಂಗಳ ಪ್ರಯಾಣದ ನಂತರವೂ ಸುಮಾರು 100 ಟನ್ ಉಳಿದಿತ್ತು. ಮುಂದೆ ಮದರಾಸಿನ ಕಡಲ ದಂಡೆಯಲ್ಲೂ ಐಸ್ ಹೌಸ್ ಎದ್ದಿತು. ಆ ಕಟ್ಟಡವೇ ಇಂದಿನ ವಿವೇಕಾನಂದರ ಸ್ಮಾರಕ.

ಈ ವ್ಯಾಪಾರದ ಗುಟ್ಟು ಬಹಳ ಸರಳ. ಗಡ್ಡೆಗಳನ್ನು ಒಂದೇ ಅಳತೆಗೆ ಕೊಯ್ದು, ಸಂದಿಲ್ಲದಂತೆ ಒಟ್ಟುತ್ತಿದ್ದರು. ಸುತ್ತಲೂ ಮರದ ಹೊಟ್ಟು ತುಂಬುತ್ತಿದ್ದರು. ಹೊಟ್ಟಿನ ಕಣಗಳ ನಡುವೆ ನಿಂತ ಗಾಳಿ ಹೊರಗಿನ ಶಾಖವನ್ನು ಒಳಗೆ ಬಿಡದು. ಆದರೆ ಹೊಟ್ಟು ನೆನೆದರೆ ಈ ಗುಣ ಹೋಗುತ್ತದೆ. ಆದುದರಿಂದ ಕರಗಿದ ನೀರು ಕೂಡಲೇ ಹರಿದುಹೋಗುವಂತೆ ಕೆಳಗೆ ಕಾಲುವೆ ಇಡುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಐಸ್ ಯಂತ್ರಗಳು ಬಂದು ಈ ವ್ಯಾಪಾರ ನಿಂತಿತು.

ಬೆಳೆಗಾರ ಬಾಂಧವರೇ, ನಮ್ಮ ಉಗ್ರಾಣಕ್ಕೂ ಇದರಲ್ಲಿ ಪಾಠವಿದೆ. ವರ್ಷವಿಡೀ ದುಡಿದು ಒಣಗಿಸಿದ ಕಾಫಿ, ಅಡಿಕೆಗಳು ನೆಲದ ತೇವದಿಂದ ಬೂಷ್ಟು ಹಿಡಿದರೆ ದರವೂ ಇಲ್ಲ, ಮಾನವೂ ಇಲ್ಲ. ಮೂಟೆಗಳನ್ನು ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಒಟ್ಟೋಣ. ಮಳೆಗಾಲಕ್ಕೆ ಮೊದಲೇ ಸೂರು, ಚರಂಡಿಗಳನ್ನು ನೋಡಿಕೊಳ್ಳೋಣ. ಸಾವಿರಾರು ಮೈಲಿ ದಾಟಿ ಮಂಜುಗಡ್ಡೆಯನ್ನೇ ಉಳಿಸಿದರು. ಮನೆಯಂಗಳದ ಫಸಲನ್ನು ನಾವು ಉಳಿಸಿಕೊಳ್ಳಲಾರೆವೇ?